ಕಡಿಮೆ ಬೆಲೆಯ ಇಯರ್‌ಫೋನ್: ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿ, ಬೀದರ್, ಯಾದಗಿರಿ ಕಡೆಯ ಗೆಳೆಯರು, ನೆಂಟರು, ವಿದ್ಯಾರ್ಥಿಗಳು ಮಾತಿನಲ್ಲಿ, ಮೆಸೇಜಿನಲ್ಲಿ, ಪತ್ರದಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳು ಇವು. ಅವರು ಕೇಳಿದ ಹಾಗೆಯೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ತಾಂತ್ರಿಕವಾದದ್ದು ಆಮೇಲೆ. ಪೂರ್ತಿ ಓದಬೇಕಿಲ್ಲ, ನಿಮಗೆ ಬೇಕಾದ ಪ್ರಶ್ನೆ ಹುಡುಕಿ ಓದಿದರೆ ಸಾಕು. ಬೆಲೆಗಳು ಅಂದಾಜು. ಹಬ್ಬದ ಸೇಲ್ ಬಂದರೆ ಇಳಿಯುತ್ತವೆ, ಮುಗಿದ ಮರುದಿನ ಏರುತ್ತವೆ.

## ಶುರುವಿನ ಪ್ರಶ್ನೆಗಳು

ಐನೂರು ರೂಪಾಯಿದಾಗ ಚಲೋ ಇಯರ್‌ಫೋನ್ ಸಿಗ್ತದೇನ್ರಿ?

ಸಿಗುತ್ತದೆ, ವೈರ್ ಇರುವುದನ್ನು ಕೊಂಡರೆ. ವೈರ್ ಇಯರ್‌ಫೋನ್‌ನಲ್ಲಿ ನಿಮ್ಮ ದುಡ್ಡು ಹೋಗುವುದು ಎರಡು ಪುಟ್ಟ ಸ್ಪೀಕರ್, ಒಂದು ವೈರ್, ಒಂದು ಮೈಕ್‌ಗೆ ಮಾತ್ರ. ವೈರ್‌ಲೆಸ್ ಬಡ್ಸ್‌ನಲ್ಲಿ ಅದೇ ದುಡ್ಡು ಮೂರು ಬ್ಯಾಟರಿ, ಎರಡು ಬ್ಲೂಟೂತ್ ಚಿಪ್, ಹಲವು ಮೈಕ್, ಚಾರ್ಜಿಂಗ್ ಡಬ್ಬಿ ಎಂದು ಹಂಚಿಹೋಗುತ್ತದೆ. ಸ್ಪೀಕರ್‌ಗೆ ಉಳಿಯುವುದು ಚಿಲ್ಲರೆ.

500ರಿಂದ 800 ರೂಪಾಯಿಯ ಆಸುಪಾಸಿನಲ್ಲಿ ಜೆಬಿಎಲ್ ಸಿ100ಎಸ್‌ಐ, ರಿಯಲ್‌ಮಿ ಬಡ್ಸ್ 2 ತರಹದವು ಸಿಗುತ್ತವೆ. ದಿನದ ಬಳಕೆಗೆ ಧಾರಾಳವಾಗಿ ಸಾಕು. ಸಾವಿರದ ಹತ್ತಿರ ಹೋದರೆ ಕೆಝಡ್ ಇಡಿಎಕ್ಸ್ ಪ್ರೊ ಇದೆ. 1500ರಿಂದ 2500ರೊಳಗೆ ಮೂನ್‌ಡ್ರಾಪ್ ಚು 2, 7ಹರ್ಟ್ಝ್ ಝೀರೊ ಇವೆ. 500 ಮತ್ತು 1500ರ ನಡುವಿನ ವ್ಯತ್ಯಾಸ ಯಾರ ಕಿವಿಗಾದರೂ ತಿಳಿಯುತ್ತದೆ. 2000 ಮತ್ತು 5000ರ ನಡುವಿನದು ಹುಡುಕಿ ಹುಡುಕಿ ಕೇಳುವವರಿಗೆ ಮಾತ್ರ. ಮೊದಲ ಸಲ ಕೊಳ್ಳುವವರು ಸಾವಿರ ದಾಟುವ ಅಗತ್ಯವೇ ಇಲ್ಲ ಅನ್ನುವುದು ನನ್ನ ಅಭಿಪ್ರಾಯ.

ವೈರಿಂದು ತಗೋಬೇಕೋ, ನೆಕ್‌ಬ್ಯಾಂಡೋ, ಬಡ್ಸೋ? ತಲಿ ಕೆಟ್ಟದ.

ಕೇಳಬೇಕಾದ ಪ್ರಶ್ನೆ ಒಂದೇ: ನೀವು ಚಾರ್ಜ್ ಮಾಡಲು ಮರೆಯುವವರಾ? ಹೌದು ಅಂದರೆ ವೈರ್ ತೆಗೆದುಕೊಳ್ಳಿ. ಅದಕ್ಕೆ ಬ್ಯಾಟರಿ ಇಲ್ಲ, ಜೋಡಿಸುವ ರಗಳೆ ಇಲ್ಲ. ಫೋನಿನಲ್ಲಿ ಎಫ್‌ಎಂ ರೇಡಿಯೊ ಇದ್ದರೆ ಆ ವೈರೇ ಆಂಟೆನಾ ಆಗುತ್ತದೆ. ಬಡ್ಸ್‌ನಿಂದ ಆ ಕೆಲಸ ಆಗುವುದಿಲ್ಲ. (ಕಲಬುರಗಿ ಆಕಾಶವಾಣಿಯ ಮೀಡಿಯಂ ವೇವ್ ಪ್ರಸಾರ ಯಾವ ಫೋನಿನಲ್ಲೂ ನೇರವಾಗಿ ಬರುವುದಿಲ್ಲ. ಅದಕ್ಕೆ ನ್ಯೂಸ್ ಆನ್ ಏರ್ ಆ್ಯಪ್ ಮತ್ತು ಇಂಟರ್ನೆಟ್ ಬೇಕು.)

ನೆಕ್‌ಬ್ಯಾಂಡನ್ನು ಈಗಿನ ಹುಡುಗರು ಹಳೇ ಫ್ಯಾಷನ್ ಅಂತಾರೆ. ಆದರೆ ದಿನಾ ಬಸ್ಸಿನಲ್ಲಿ ಓಡಾಡುವವರಿಗೆ ಅದು ಒಳ್ಳೆಯದು. ಟಿಕೆಟ್ ತೆಗೆದುಕೊಳ್ಳಲು ಕಿವಿಯಿಂದ ತೆಗೆದರೆ ಕುತ್ತಿಗೆಯಲ್ಲೇ ಇರುತ್ತದೆ. ಬ್ಯಾಟರಿ ದೊಡ್ಡದು, ದಿನಗಟ್ಟಲೆ ಬರುತ್ತದೆ. ಕಾಲ್ ಜಾಸ್ತಿ ಮಾಡುವ ವ್ಯಾಪಾರಿಗಳು ಇವತ್ತಿಗೂ ಅದನ್ನು ಬಿಟ್ಟಿಲ್ಲ.

ಬಡ್ಸ್ ಹಗುರ, ಚೆಂದ, ಜೇಬಿಗೆ ಹಿಡಿಸುತ್ತದೆ. ತುಂಬಿದ ಬಸ್ಸಿನಲ್ಲಿ ಒಂದು ಬಡ್ ಸೀಟಿನ ಕೆಳಗೆ ಉರುಳಿದರೆ ಮಾತ್ರ ಕಥೆ ಮುಗಿಯಿತು. ಒಂದೇ ಬಡ್ ಬದಲಿ ಸಿಗುವುದು ಅಪರೂಪ. ಬಡ್ಸೇ ಬೇಕು ಅಂದರೆ 1500ಕ್ಕಿಂತ ಕೆಳಗೆ ಇಳಿಯಬೇಡಿ.

ಡಬ್ಬಿದಾಗ ಮೂರು ಜೋಡಿ ರಬ್ಬರ್ ಯಾಕ ಕೊಡ್ತಾರ? ನಾ ಅಂತೂ ಒಂದೇ ಜೋಡಿ ಬಳಸೀನಿ.

ಇಡೀ ಪುಟದಲ್ಲಿ ಒಂದೇ ಉತ್ತರ ಓದುವ ಪುರುಸೊತ್ತು ನಿಮಗಿದ್ದರೆ ಇದನ್ನೇ ಓದಿ.

ಇಯರ್‌ಫೋನ್ ತುದಿಯ ರಬ್ಬರ್ ಕಿವಿಯ ದಾರಿಯನ್ನು ಪೂರ್ತಿ ಮುಚ್ಚಬೇಕು. ಒಂದಿಷ್ಟು ಸಂದಿ ಉಳಿದರೂ ಬಾಸ್ (ಹಾಡಿನ ದಪ್ಪ ಸದ್ದು) ಸೋರಿಹೋಗುತ್ತದೆ, ಗ್ಯಾಸ್ಕೆಟ್ ಸವೆದ ಕುಕ್ಕರ್ ಇದ್ದ ಹಾಗೆ. ಆಗ ಹಾಡು ತೆಳ್ಳಗೆ, ಕಿರುಗುಟ್ಟಿದಂತೆ ಕೇಳುತ್ತದೆ. ಜನ ಇಯರ್‌ಫೋನನ್ನು ಬೈಯುತ್ತಾರೆ, ವಾಲ್ಯೂಮ್ ಏರಿಸುತ್ತಾರೆ. ತಪ್ಪು ಇರುವುದು ರಬ್ಬರಿನ ಅಳತೆಯಲ್ಲಿ.

ಡಬ್ಬಿಯಿಂದ ಬರುವಾಗ ಹಾಕಿರುವುದು ಸಾಮಾನ್ಯವಾಗಿ ಮಧ್ಯಮ ಅಳತೆ. ಮೂರನ್ನೂ ಹಾಕಿ ನೋಡಿ. ಒಂದು ಕಿವಿಗೆ ದೊಡ್ಡದು, ಇನ್ನೊಂದಕ್ಕೆ ಚಿಕ್ಕದು ಹೊಂದಿದರೆ ಗಾಬರಿ ಬೇಡ. ಎರಡೂ ಕಿವಿ ಒಂದೇ ಅಳತೆ ಇರಲೇಬೇಕು ಅಂತೇನಿಲ್ಲ. ಹಾಕುವ ರೀತಿಯೂ ಇದೆ. ಎದುರು ಕೈಯಿಂದ ಕಿವಿಯ ಮೇಲ್ತುದಿಯನ್ನು ಮೆಲ್ಲಗೆ ಮೇಲಕ್ಕೆ, ಹಿಂದಕ್ಕೆ ಎಳೆಯಿರಿ. ಕಿವಿಯ ದಾರಿ ನೆಟ್ಟಗಾಗುತ್ತದೆ. ಆಗ ಇಯರ್‌ಫೋನ್ ಒಳಗಿಟ್ಟು ಸ್ವಲ್ಪ ತಿರುಗಿಸಿ. ಸರಿಯಾಗಿ ಕೂತರೆ ಫ್ಯಾನಿನ ಸದ್ದು ತಟ್ಟನೆ ಕಡಿಮೆಯಾಗುತ್ತದೆ, ನಿಮ್ಮದೇ ಮಾತು ತಲೆಯೊಳಗೆ ಗುಂಯ್ ಅನ್ನುತ್ತದೆ. ಅದೇ ಗುರುತು.

ಯಾವುದೂ ಹೊಂದದಿದ್ದರೆ ಬೇರೆ ರಬ್ಬರ್ ಜೋಡಿಗಳು ಆನ್‌ಲೈನ್‌ನಲ್ಲಿ 100ರಿಂದ 300 ರೂಪಾಯಿಗೆ ಸಿಗುತ್ತವೆ. ಫೋಮ್ ಟಿಪ್ ಅಂತಲೂ ಇದೆ. ಬೆರಳಲ್ಲಿ ಹಿಸುಕಿ ಒಳಗಿಟ್ಟರೆ ಅದು ನಿಧಾನಕ್ಕೆ ಉಬ್ಬಿ ಕಿವಿ ತುಂಬುತ್ತದೆ. ಹೊರಗಿನ ಸದ್ದು ರಬ್ಬರಿಗಿಂತ ಚೆನ್ನಾಗಿ ತಡೆಯುತ್ತದೆ. ಬೆವರಿಗೆ ಬೇಗ ಹಾಳಾಗುತ್ತದೆ, ಕೆಲವು ತಿಂಗಳಿಗೊಮ್ಮೆ ಬದಲಿಸಬೇಕು. 600 ರೂಪಾಯಿಯ ಇಯರ್‌ಫೋನಿಗೆ 200 ರೂಪಾಯಿಯ ಟಿಪ್ ಹಾಕುವುದು ಹುಚ್ಚುತನ ಅನ್ನಿಸಬಹುದು. ಸರಿಯಾಗಿ ಕೂರದ 2000 ರೂಪಾಯಿಯ ಮಾಲಿಗಿಂತ ಅದೇ ಚೆನ್ನಾಗಿ ಕೇಳುತ್ತದೆ.

ನನ್ನ ಹೊಸ ಫೋನಿಗೆ ಇಯರ್‌ಫೋನ್ ತೂತೇ ಇಲ್ಲ. ಈಗೇನ್ ಮಾಡ್ಲಿ?

ಎರಡು ದಾರಿ ಇವೆ. ಟೈಪ್-ಸಿ ಪಿನ್ನಿನ ಇಯರ್‌ಫೋನ್ ಕೊಳ್ಳಬಹುದು, ಇಲ್ಲವೇ ಇರುವ ಇಯರ್‌ಫೋನಿಗೆ ಟೈಪ್-ಸಿಯಿಂದ 3.5 ಎಂಎಂ ಕನೆಕ್ಟರ್ ಹಾಕಬಹುದು. ಎರಡರಲ್ಲೂ ನೋಡಬೇಕಾದ ಪದ ಒಂದೇ: ಡ್ಯಾಕ್. ಫೋನಿನ ಡಿಜಿಟಲ್ ಸಂಕೇತವನ್ನು ಸದ್ದಾಗಿ ಬದಲಿಸುವ ಚಿಪ್ ಅದು. ಅಗ್ಗದ ಕನೆಕ್ಟರ್‌ಗಳಲ್ಲಿ ಚಿಪ್ಪೇ ಇರುವುದಿಲ್ಲ, ಬರೀ ತಂತಿ. ಅವು ಕೆಲವು ಫೋನುಗಳಲ್ಲಿ ನಡೆಯುತ್ತವೆ, ಕೆಲವಲ್ಲಿ ಸುಮ್ಮನೆ ಕೂರುತ್ತವೆ. ಡ್ಯಾಕ್ ಇದೆ ಅಂತ ಬರೆದಿದ್ದನ್ನೇ ಕೊಳ್ಳಿ. ಐಫೋನ್ 15ರಿಂದ ಈಚೆಗೆ ಅಲ್ಲೂ ಟೈಪ್-ಸಿ ಬಂದಿದೆ, ಹಾಗಾಗಿ ಇದೇ ಕನೆಕ್ಟರ್ ಅಲ್ಲಿಗೂ ಆಗುತ್ತದೆ.

ಅಪ್ಪಾರಿಗಿ ವಚನ, ಪ್ರವಚನ ಕೇಳ್ಲಿಕ್ಕ ಕೊಡಿಸ್ಬೇಕು. ಕಿವಿ ಒಳಗ ತುರುಕೋದು ಅವರಿಗಿ ಸೇರಂಗಿಲ್ಲ.

ಹಾಗಿದ್ದರೆ ಕಿವಿಯ ಬಾಯಿಯಲ್ಲಷ್ಟೇ ಕೂರುವ, ರಬ್ಬರ್ ಇಲ್ಲದ ಹಳೇ ಮಾದರಿಯ ಇಯರ್‌ಫೋನ್ ಕೊಡಿಸಿ. ಬಾಸ್ ಕಡಿಮೆ ಇರುತ್ತದೆ, ಆದರೆ ಮಾತು ಸ್ಪಷ್ಟವಾಗಿ ಕೇಳುತ್ತದೆ. ಪ್ರವಚನಕ್ಕೆ ಬೇಕಾದದ್ದೂ ಅದೇ. ಬಾಗಿಲು ಬಡಿದರೆ, ಮನೆಯವರು ಕರೆದರೆ ಕೇಳುತ್ತದೆ. ಬ್ಲೂಟೂತ್ ಜೋಡಿಸುವ ತಾಪತ್ರಯ ಹಿರಿಯರಿಗೆ ಬೇಡ, ವೈರೇ ಇರಲಿ. ಇನ್ನೊಂದು ಮಾತು. ಅವರು ವಾಲ್ಯೂಮ್ ಪೂರ್ತಿ ಏರಿಸಿದರೂ ಸಾಲದು ಅನ್ನುತ್ತಿದ್ದರೆ ಬೇರೆ ಇಯರ್‌ಫೋನ್ ಹುಡುಕಬೇಡಿ, ಇಎನ್‌ಟಿ ಡಾಕ್ಟರಿಗೆ ತೋರಿಸಿ.

## ಬಸ್ಸು, ರೈಲು, ಬಿಸಿಲು

ಕಲಬುರಗಿಯಿಂದ ಬೀದರಿಗಿ ಬಸ್ಸಿನ್ಯಾಗ ಹೋಗುವಾಗ ಏನೂ ಕೇಳ್ಸಂಗಿಲ್ಲ. ಎಎನ್‌ಸಿ ಇದ್ದದ್ದು ತಗೊಂಡ್ರ ಪೂರಾ ಶಾಂತ ಆಗ್ತದೇನು?

ಪೂರಾ ಆಗುವುದಿಲ್ಲ. ಅರ್ಧ ಆಗುತ್ತದೆ, ಅದೂ ಯಾವ ಅರ್ಧ ಅನ್ನುವುದನ್ನು ತಿಳಿದುಕೊಂಡು ಕೊಳ್ಳಬೇಕು.

ಎಎನ್‌ಸಿ ಅಂದರೆ ಆ್ಯಕ್ಟಿವ್ ನಾಯ್ಸ್ ಕ್ಯಾನ್ಸಲೇಷನ್, ಹೊರಗಿನ ಸದ್ದನ್ನು ಅಳಿಸುವ ಸೌಲಭ್ಯ. ಅದು ಇರುವ ಬಡ್ಸ್‌ನ ಮೈಕ್ ಹೊರಗಿನ ಸದ್ದನ್ನು ಹಿಡಿಯುತ್ತದೆ. ಚಿಪ್ ಅದರ ತದ್ವಿರುದ್ಧ ಅಲೆಯನ್ನು ತಯಾರಿಸಿ ಕಿವಿಗೆ ಬಿಡುತ್ತದೆ. ಎರಡೂ ಒಂದನ್ನೊಂದು ಹೊಡೆದುಹಾಕುತ್ತವೆ. ಒಂದೇ ಸಮನೆ ಬರುವ ದಪ್ಪ ಸದ್ದಿಗೆ ಇದು ಚೆನ್ನಾಗಿ ನಡೆಯುತ್ತದೆ. ಬಸ್ಸಿನ ಎಂಜಿನ್ನಿನ ಗುರ್ ಅನ್ನುವ ಸದ್ದು, ಎಸಿ ಬೋಗಿಯ ಬ್ಲೋವರ್, ವಿಮಾನದ ಮೊರೆತ ಇಂಥವು. ಚೂಪಾದ, ಏಕಾಏಕಿ ಬರುವ ಸದ್ದಿಗೆ ಎಎನ್‌ಸಿ ಸೋಲುತ್ತದೆ. ಕಿಟಕಿ ಗಾಜಿನ ಗಡಗಡ, ಹಾರ್ನ್, ಕಂಡಕ್ಟರ್ ಸೀಟಿ, ಹಿಂದಿನ ಸೀಟಿನ ಕೂಸಿನ ಅಳು ಇವೆಲ್ಲ ಆ ಜಾತಿಯವು. ಇವನ್ನು ತಡೆಯುವುದು ಮೇಲೆ ಹೇಳಿದ ರಬ್ಬರ್ ಮತ್ತು ಫೋಮ್.

ಹುಮನಾಬಾದ್ ದಾರಿಯ ಕೆಂಪು ಬಸ್ಸಿನಲ್ಲಿ ಎರಡೂ ಜಾತಿಯ ಸದ್ದು ಇರುತ್ತದೆ, ಅಲ್ವಾ? ದುಡ್ಡು ಕಡಿಮೆ ಇದ್ದರೆ ಎಎನ್‌ಸಿ ಇಲ್ಲದ ಒಳ್ಳೆಯ ವೈರ್ ಇಯರ್‌ಫೋನಿಗೆ ಫೋಮ್ ಟಿಪ್ ಹಾಕಿ. ಎರಡು ಎರಡೂವರೆ ಸಾವಿರ ಹಾಕುವ ಮನಸ್ಸಿದ್ದರೆ ಎಎನ್‌ಸಿ ಬಡ್ಸ್ ನೋಡಿ. ಸಾವಿರದೊಳಗೆ ಎಎನ್‌ಸಿ ಅಂತ ಮಾರುವ ಬಡ್ಸ್‌ನಲ್ಲಿ ಆನ್ ಮಾಡಿದರೂ ಆಫ್ ಮಾಡಿದರೂ ವ್ಯತ್ಯಾಸ ಹುಡುಕಬೇಕಾಗುತ್ತದೆ. ಡಬ್ಬಿ ಮೇಲೆ 32 ಡಿಬಿ, 42 ಡಿಬಿ (ಡೆಸಿಬೆಲ್, ಸದ್ದಿನ ಅಳತೆ) ಅಂತ ಬರೆದಿರುವುದು ಯಾವುದೋ ಒಂದು ಕಂಪನಾಂಕದಲ್ಲಿ ಸಿಕ್ಕ ಅತಿ ಹೆಚ್ಚಿನ ಅಂಕಿ. ಎಲ್ಲ ಸದ್ದಿಗೂ ಅಷ್ಟು ಇಳಿಯುವುದಿಲ್ಲ.

ನಾ ತಂದದ್ರ ಮ್ಯಾಲ ಇಎನ್‌ಸಿ ಅಂತ ಬರದದ. ಅದೂ ಎಎನ್‌ಸಿನೂ ಒಂದೇ ಅಲ್ಲೇನು?

ಅಲ್ಲ. ಇಲ್ಲೇ ಜಾಸ್ತಿ ಜನ ಮೋಸ ಹೋಗುವುದು. ಎಎನ್‌ಸಿ ನಿಮ್ಮ ಕಿವಿಗೆ ಬರುವ ಸದ್ದನ್ನು ಕಡಿಮೆ ಮಾಡುತ್ತದೆ. ಇಎನ್‌ಸಿ ನಿಮ್ಮ ಮೈಕ್‌ಗೆ ಹೋಗುವ ಸದ್ದನ್ನು ಕಡಿಮೆ ಮಾಡುತ್ತದೆ. ಅಂದರೆ ಶರಣಬಸವೇಶ್ವರ ಜಾತ್ರೆಯ ಗದ್ದಲದಲ್ಲಿ ನಿಂತು ಮಾತಾಡಿದರೆ ಆ ಕಡೆಯವರಿಗೆ ನಿಮ್ಮ ಮಾತು ಕೇಳುತ್ತದೆ. ನಿಮಗೆ ಜಾತ್ರೆ ಕೇಳುತ್ತಲೇ ಇರುತ್ತದೆ. ಡಬ್ಬಿಯಲ್ಲಿ ದೊಡ್ಡ ಅಕ್ಷರದಲ್ಲಿ ‘ನಾಯ್ಸ್ ಕ್ಯಾನ್ಸಲೇಷನ್’ ಅಂತ ಹಾಕಿ, ಮುಂದೆ ಸಣ್ಣಗೆ ಇಎನ್‌ಸಿ ಅಂತ ಬರೆಯುವವರಿದ್ದಾರೆ. ಎಎನ್‌ಸಿಯ ಮೂರು ಅಕ್ಷರ ಕಣ್ಣಿಗೆ ಬೀಳದಿದ್ದರೆ ಅದು ಇಲ್ಲ ಅಂತಲೇ ತಿಳಿಯಿರಿ.

ಉದ್ಯಾನ್ ಎಕ್ಸ್‌ಪ್ರೆಸ್‌ದಾಗ ಬೆಂಗ್ಳೂರಿಗಿ ಹೋಗುವಾಗ ರಾತ್ರಿ ಕಿವ್ಯಾಗ ಹಾಕ್ಕೊಂಡೇ ಮಲಗಬಹುದಾ?

ಅಂಗಾತ ಮಲಗುವವರಿಗೆ ತೊಂದರೆ ಇಲ್ಲ. ಮಗ್ಗಲು ಮಲಗಿದರೆ ಕಿವಿಯಿಂದ ಹೊರಗೆ ಚಾಚಿದ ಬಡ್ಸ್ ಒತ್ತಿ ಕಿವಿ ನೋಯುತ್ತದೆ. ಮಲಗಲೇಬೇಕು ಅಂದರೆ ಚಪ್ಪಟೆಯಾದ, ಕಿವಿ ಗುಳಿಯೊಳಗೇ ಅಡಗುವ ಸಣ್ಣ ಇಯರ್‌ಫೋನ್ ನೋಡಿ. ವಾಲ್ಯೂಮ್ ಇಳಿಸಿ, ಪ್ಲೇಯರ್‌ನ ಸ್ಲೀಪ್ ಟೈಮರ್‌ಗೆ ಅರ್ಧ ತಾಸು ಕೊಡಿ. ಬಡ್ಸ್ ಹಾಕಿ ಮಲಗಿದರೆ ಬೆಳಿಗ್ಗೆ ಬರ್ತ್ ಕೆಳಗೆ ಹುಡುಕಾಟ ಇದ್ದದ್ದೇ. ಸ್ಲೀಪರ್ ಬೋಗಿಗೆ ವೈರ್ ಅಥವಾ ನೆಕ್‌ಬ್ಯಾಂಡ್ ವಾಸಿ.

ಇಯರ್‌ಫೋನ್ ಇಲ್ಲ ಅಂತ ಸ್ಪೀಕರ್‌ನಲ್ಲಿ ಹಾಡು ಹಾಕಬೇಡಿ. ರಾತ್ರಿ 10ರ ಮೇಲೆ ರೈಲಿನಲ್ಲಿ ಅದಕ್ಕೆ ನಿಷೇಧವಿದೆ. ಹಗಲಿನಲ್ಲೂ ನಾಚಿಕೆ ಇರಲಿ.

ಗಾಡಿ ಹೊಡಿಯುವಾಗ ಒಂದೇ ಕಿವಿಗಿ ಹಾಕ್ಕೊಂಡ್ರ ನಡೀತದಲ್ಲ?

ಬೇಡ. ಹೆಲ್ಮೆಟ್ ಒಳಗೆ ಗಾಳಿಯ ಸದ್ದು ಜೋರಾಗಿರುತ್ತದೆ, ಅದರ ಮೇಲೆ ಕೇಳಲು ವಾಲ್ಯೂಮ್ ಏರಿಸುತ್ತೀರಿ. ಆಮೇಲೆ ಹಿಂದಿನ ಲಾರಿಯ ಹಾರ್ನ್ ಯಾವ ಕಡೆಯಿಂದ ಬಂತು ಅಂತ ಒಂದು ಕಿವಿಗೆ ತಿಳಿಯುವುದಿಲ್ಲ.

ನಡಿಯುವಾಗ ವೈರ್ ಅಂಗಿಗಿ ತಾಕಿ ಟಪ್ ಟಪ್ ಸೌಂಡ್ ಬರ್ತದ. ಪೀಸ್ ಖರಾಬ್ ಅದೇನು?

ಖರಾಬಿಲ್ಲ. ಕಿವಿ ಬಿಗಿಯಾಗಿ ಮುಚ್ಚಿದಾಗ ವೈರಿನ ಅಲುಗಾಟ ನೇರ ಕಿವಿಗೆ ಸಾಗುತ್ತದೆ. ವೈರನ್ನು ಕಿವಿಯ ಮೇಲಿಂದ ಹಾಯಿಸಿ ಹಿಂದಕ್ಕೆ ಬಿಡಿ, ಅರ್ಧಕ್ಕರ್ಧ ನಿಲ್ಲುತ್ತದೆ. ಕೆಝಡ್, ಮೂನ್‌ಡ್ರಾಪ್ ಚು ತರಹದವು ಹಾಗೆ ಹಾಕಲೆಂದೇ ತಯಾರಾಗಿವೆ. ಅಂಗಿಗೆ ಕ್ಲಿಪ್ ಹಾಕಿದರೂ ಆಗುತ್ತದೆ.

ನಮ್ ಕಡಿ ಬಿಸಿಲು, ಧೂಳು, ಬೆವರು. ಬಡ್ಸ್ ಬಾಳಿಕಿ ಬರ್ತಾವೇನ್ರಿ?

ಬಿಸಿಲೇ ದೊಡ್ಡ ವೈರಿ. ಬಡ್ಸ್‌ನ ಲಿಥಿಯಂ ಬ್ಯಾಟರಿ ಬಹಳ ಚಿಕ್ಕದು, ಒಂದೊಂದರಲ್ಲಿ ಸಾಮಾನ್ಯವಾಗಿ 30ರಿಂದ 60 ಎಂಎಎಚ್. ಶಾಖಕ್ಕೆ ಅದರ ಶಕ್ತಿ ಬೇಗ ಕುಗ್ಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯ ನೆರಳೇ 40 ಡಿಗ್ರಿ ದಾಟಿರುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಅದಕ್ಕಿಂತ ಎಷ್ಟೋ ಜಾಸ್ತಿ. ಕಾರಿನ ಡ್ಯಾಶ್‌ಬೋರ್ಡ್, ಬೈಕಿನ ಟ್ಯಾಂಕ್ ಕವರ್, ತಗಡಿನ ಶೆಡ್ಡಿನ ಕಿಟಕಿ ಇಲ್ಲೆಲ್ಲ ಇಡಬೇಡಿ. ಬಿಸಿಯಾಗಿರುವಾಗ ಚಾರ್ಜಿಗೂ ಹಾಕಬೇಡಿ. ಎಷ್ಟೇ ಜೋಪಾನ ಮಾಡಿದರೂ ದಿನಾ ಬಳಸುವ ಬಡ್ಸ್‌ನ ಬ್ಯಾಟರಿ ಎರಡು ಮೂರು ವರ್ಷದಲ್ಲಿ ಸೊರಗುತ್ತದೆ. ಅದನ್ನು ಬಿಚ್ಚಿ ಬದಲಿಸುವುದು ದುಡ್ಡಿಗೆ ಗಿಟ್ಟುವುದಿಲ್ಲ. ವೈರಿನದಕ್ಕೆ ಈ ಆಯುಷ್ಯದ ಲೆಕ್ಕವೇ ಇಲ್ಲ.

ಬೆವರು, ಧೂಳಿಗೆ ಐಪಿ ಅಂಕಿ ನೋಡಿ. ಮೊದಲ ಜಾಗ ಧೂಳಿಗೆ, ಎರಡನೆಯದು ನೀರಿಗೆ. ಐಪಿಎಕ್ಸ್4 ಅಂದರೆ ಚಿಮ್ಮಿದ ನೀರು, ಬೆವರು ತಡೆಯುತ್ತದೆ. ಎಕ್ಸ್ ಅಂದರೆ ಧೂಳಿನ ಪರೀಕ್ಷೆಯ ಅಂಕಿ ಕೊಟ್ಟಿಲ್ಲ ಅಂತ. ದಿನದ ಓಡಾಟಕ್ಕೆ ಐಪಿಎಕ್ಸ್4 ಸಾಕು. ಶಹಾಬಾದಿನ ಕಲ್ಲು ಪಾಲಿಶ್, ತೊಗರಿ ಬೇಳೆ ಮಿಲ್ಲು, ಸಿಮೆಂಟ್ ಕಾರ್ಖಾನೆ ಕಡೆ ಕೆಲಸ ಮಾಡುವವರು ಐಪಿ55 ತರಹ ಎರಡೂ ಅಂಕಿ ಇರುವುದನ್ನು ಹುಡುಕಿ. ಈ ಅಂಕಿ ಬಡ್ಸ್‌ಗೆ ಮಾತ್ರ. ಚಾರ್ಜಿಂಗ್ ಡಬ್ಬಿಗೆ ಬಹಳ ಸಲ ಯಾವ ರಕ್ಷಣೆಯೂ ಇರುವುದಿಲ್ಲ. ಒದ್ದೆ ಬಡ್ಸನ್ನು ಒರೆಸಿಯೇ ಡಬ್ಬಿಗೆ ಹಾಕಿ.

## ಕೊಳ್ಳುವಾಗ

ಕಲಬುರಗಿ ಸೂಪರ್ ಮಾರ್ಕೆಟ್ ಪೇಟಿ ಕಡಿ ಅದೇ ಕಂಪನೀದು ನೂರೈವತ್ತಕ್ಕ ಕೊಡ್ತಾರ. ಆನ್‌ಲೈನ್‌ದಾಗ ಯಾಕ ಎಂಟ್ನೂರು?

ಹೆಸರು ಅದೇ, ಮಾಲು ಬೇರೆ. 800ರ ಮಾಲನ್ನು 150ಕ್ಕೆ ಯಾರೂ ಕೊಡುವುದಿಲ್ಲ. ಡಬ್ಬಿ ತಿರುಗಿಸಿ ನೋಡಿ. ಎಂಆರ್‌ಪಿ, ತಯಾರಿಸಿದವರ ಅಥವಾ ಆಮದು ಮಾಡಿದವರ ಹೆಸರು ವಿಳಾಸ, ತಿಂಗಳು ವರ್ಷ, ಗ್ರಾಹಕರ ಫೋನ್ ನಂಬರ್ ಇರಲೇಬೇಕು. ಅದು ಕಾನೂನು. ವೈರ್‌ಲೆಸ್ ಆಗಿದ್ದರೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತು ಮತ್ತು ‘ಆರ್’ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆಯೂ ಬೇಕು. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಅದು ಯಾವ ಕಂಪನಿಯದು ಅಂತ ತೋರಿಸುತ್ತದೆ. ನಕಲಿ ಡಬ್ಬಿಯಲ್ಲಿ ಸ್ಪೆಲಿಂಗ್ ತಪ್ಪೂ ಇರುತ್ತದೆ, ಅದನ್ನು ಹುಡುಕುವುದೇ ಒಂದು ಮಜಾ.

ಹಾಗಂತ 150 ರೂಪಾಯಿಯದು ಕೊಳ್ಳಲೇಬಾರದು ಅಂತಲ್ಲ. ಮರೆತು ಬಂದಿದ್ದೀರಿ, ಸಂಜೆ ರೈಲಿದೆ ಅಂದರೆ ತೆಗೆದುಕೊಳ್ಳಿ. ಅಸಲಿ ಅಂತ ನಂಬಿ ಮಾತ್ರ ಬೇಡ.

ಆನ್‌ಲೈನೋ, ಅಂಗಡಿಯೋ?

ಆನ್‌ಲೈನ್‌ನಲ್ಲಿ ಆಯ್ಕೆ ಜಾಸ್ತಿ. ಕೆಝಡ್, ಮೂನ್‌ಡ್ರಾಪ್ ಇವೆಲ್ಲ ನಮ್ಮ ಊರಿನ ಅಂಗಡಿಗಳಲ್ಲಿ ಕಾಣುವುದು ಕಡಿಮೆ. ಅಂಗಡಿಯಲ್ಲಿ ಕಿವಿಗೆ ಹಾಕಿ ನೋಡಬಹುದು, ಕೆಟ್ಟರೆ ಹೋಗಿ ಕೇಳಬಹುದು. ಎಲ್ಲಿ ಕೊಂಡರೂ ಜಿಎಸ್‌ಟಿ ಬಿಲ್ ಇಟ್ಟುಕೊಳ್ಳಿ, ಫೋಟೊ ತೆಗೆದು ಫೋನಿನಲ್ಲಿಡಿ. ವಾರಂಟಿ ಇದ್ದೂ ಬದಲಿಸಿಕೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಆನ್‌ಲೈನ್‌ನಲ್ಲಿ ಕೊಂಡರೆ ಪಾರ್ಸೆಲ್ ಬಿಚ್ಚುವಾಗ ವಿಡಿಯೊ ಮಾಡಿಕೊಳ್ಳಿ. ಇಯರ್‌ಫೋನಿಗೆ ಎಷ್ಟೋ ಕಡೆ ಬದಲಿ ಕೊಡುತ್ತಾರೆ, ದುಡ್ಡು ವಾಪಸ್ ಕೊಡುವುದಿಲ್ಲ. ಕೊಳ್ಳುವ ಮುಂಚೆಯೇ ಆ ಸಾಲು ಓದಿ.

ಅಂಗಡಿಯಲ್ಲಿ ನಿಂತು ಹೇಗೆ ಪರೀಕ್ಷೆ ಮಾಡಬೇಕು? ಎಲ್ಲವೂ ಚೆನ್ನಾಗಿಯೇ ಕೇಳಿಸುತ್ತವೆ.

ಅಂಗಡಿಯವರು ಹಾಕುವ ಹಾಡು ಕೇಳಬೇಡಿ. ಅದು ಬಾಸ್ ತೋರಿಸಲೆಂದೇ ಆರಿಸಿದ್ದು. ನೀವು ನೂರಾರು ಸಲ ಕೇಳಿದ ಹಾಡು ನಿಮ್ಮ ಫೋನಿನಲ್ಲೇ ಹಾಕಿ. ಮೊದಲು ಕಡಿಮೆ ವಾಲ್ಯೂಮ್‌ನಲ್ಲಿ ಕೇಳಿ. ಅಲ್ಲಿ ಹಾಡುವವರ ದನಿ ಸ್ಪಷ್ಟವಾಗಿದ್ದರೆ ಅರ್ಧ ಗೆದ್ದ ಹಾಗೆ. ಎರಡು ಇಯರ್‌ಫೋನ್ ಹೋಲಿಸುವಾಗ ವಾಲ್ಯೂಮ್ ಸಮ ಮಾಡಿಕೊಳ್ಳಿ, ಏಕೆಂದರೆ ಸ್ವಲ್ಪ ಜೋರಾಗಿರುವುದೇ ನಮ್ಮ ಕಿವಿಗೆ ಚೆನ್ನಾಗಿ ಕೇಳುತ್ತದೆ. ಆಮೇಲೆ ರಸ್ತೆಗೆ ಬಂದು ಮನೆಗೊಂದು ಕಾಲ್ ಮಾಡಿ, ಆಟೋಗಳ ನಡುವೆ ನಿಮ್ಮ ಮಾತು ಹೇಗೆ ಕೇಳಿತು ಅಂತ ಅವರನ್ನೇ ಕೇಳಿ. ಇತರರು ಹಾಕಿದ ರಬ್ಬರ್ ನಿಮ್ಮ ಕಿವಿಗೆ ಬೇಡ, ನಿಮ್ಮದೊಂದು ಜೋಡಿ ಜೇಬಿನಲ್ಲಿ ಒಯ್ಯಿರಿ.

## ಸ್ವಲ್ಪ ಆಳಕ್ಕೆ

ಬಾಸ್ ಜಾಸ್ತಿ ಇದ್ದಷ್ಟೂ ಚಲೋ ಅಲ್ಲೇನ್ರಿ?

ಏನು ಕೇಳುತ್ತೀರಿ ಅನ್ನುವುದರ ಮೇಲಿದೆ. ಡಿಜೆ ಹಾಡು, ಸಿನಿಮಾ ಹಾಡಿಗೆ ಬಾಸ್ ಮಜಾ ಕೊಡುತ್ತದೆ. ತತ್ವಪದ, ವಚನ ಗಾಯನ, ಕವ್ವಾಲಿ, ಹಿಂದೂಸ್ತಾನಿ ಕೇಳುವವರಿಗೆ ದನಿಯೇ ಪ್ರಾಣ. ಬಾಸ್ ಉಬ್ಬಿಸಿದ ಇಯರ್‌ಫೋನಿನಲ್ಲಿ ತಬಲಾದ ಎಡದ ಗುಮಕಿ ಎದ್ದು ಬಂದು ದನಿಯ ಮೇಲೆ ಕೂರುತ್ತದೆ. ಏಕತಾರಿಯ ಮೀಟು ಮುಚ್ಚಿಹೋಗುತ್ತದೆ. ಸ್ಪರ್ಧಾತ್ಮಕ ಪರೀಕ್ಷೆಯ ಕ್ಲಾಸ್ ಕೇಳುವವರಿಗೂ ಅಷ್ಟೇ, ತಾಸುಗಟ್ಟಲೆ ಆ ಗುಂಯ್ ಅನ್ನುವ ದನಿ ಕೇಳಿದರೆ ತಲೆನೋವು. ಹೆಸರಿನಲ್ಲೇ ಬಾಸ್ ಅಂತ ಇರುವ ಮಾದರಿಗಳನ್ನು ಇವರೆಲ್ಲ ಬಿಟ್ಟು ಮುಂದೆ ಹೋಗಬಹುದು. ಒಂದು ವಿಷಯ ಗಮನಿಸಿ: ಬಸ್ಸಿನ ಎಂಜಿನ್ ಸದ್ದು ಹಾಡಿನ ಬಾಸನ್ನು ನುಂಗುತ್ತದೆ. ಮನೆಯಲ್ಲಿ ಜಾಸ್ತಿ ಅನ್ನಿಸಿದ ಬಾಸ್ ದಾರಿಯಲ್ಲಿ ಸರಿ ಅನ್ನಿಸಬಹುದು. ಪ್ರಯಾಣಕ್ಕೇ ಬೇಕು ಅನ್ನುವವರು ಒಂದಿಷ್ಟು ಬಾಸ್ ಇರುವುದನ್ನೇ ಆರಿಸಲಿ.

14 ಎಂಎಂ ಡ್ರೈವರ್, 10 ಹರ್ಟ್ಝ್‌ನಿಂದ 40,000 ಹರ್ಟ್ಝ್ ಅಂತ ಬರೆದಿದ್ದರೆ ಒಳ್ಳೆಯದಾ?

ಡ್ರೈವರ್ ಅಂದರೆ ಒಳಗಿನ ಪುಟ್ಟ ಸ್ಪೀಕರ್, ಹರ್ಟ್ಝ್ ಅಂದರೆ ಸದ್ದು ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಅನ್ನುವ ಲೆಕ್ಕ. ಈ ಅಂಕಿಗಳಿಂದ ಏನೂ ತಿಳಿಯುವುದಿಲ್ಲ. ಮನುಷ್ಯರ ಕಿವಿಯ ಮಿತಿ ಸುಮಾರು 20ರಿಂದ 20,000 ಹರ್ಟ್ಝ್, ವಯಸ್ಸಾದಂತೆ ಮೇಲಿನ ತುದಿ ಇಳಿಯುತ್ತಾ ಬರುತ್ತದೆ. ಆ ಮಿತಿಯೊಳಗೆ ಯಾವ ಭಾಗ ಎಷ್ಟು ಎದ್ದು ಕೇಳುತ್ತದೆ ಅನ್ನುವುದೇ ಮುಖ್ಯ, ಅದನ್ನು ಡಬ್ಬಿ ಹೇಳುವುದಿಲ್ಲ. ಡ್ರೈವರ್ ದೊಡ್ಡದಿದ್ದ ಮಾತ್ರಕ್ಕೆ ಸದ್ದು ಒಳ್ಳೆಯದಿರುವುದಿಲ್ಲ. 10 ಎಂಎಂ ಡ್ರೈವರಿನ ಎಷ್ಟೋ ಮಾದರಿಗಳು 14ರವನ್ನು ಸೋಲಿಸುತ್ತವೆ. ಅಗ್ಗದ ಮಾದರಿಯಲ್ಲಿ ಎರಡು ಮೂರು ಡ್ರೈವರ್ ಅಂತ ಬರೆದಿದ್ದರೆ ನನಗಂತೂ ಅನುಮಾನವೇ ಜಾಸ್ತಿ.

ಬ್ಲೂಟೂತ್ 5.3 ಇದ್ರ ಸೌಂಡ್ ಚಲೋ ಇರ್ತದಾ? ಎಲ್‌ಡ್ಯಾಕ್ ಬೇಕಾ?

ಬ್ಲೂಟೂತ್ ಅಂಕಿ ಏರಿದರೆ ಸಂಪರ್ಕ, ಬ್ಯಾಟರಿ ಸುಧಾರಿಸಬಹುದು, ಹಾಡಿನ ಗುಣಮಟ್ಟ ಅಲ್ಲ. ಅದನ್ನು ನಿರ್ಧರಿಸುವುದರಲ್ಲಿ ಕೋಡೆಕ್‌ಗೂ ಪಾಲಿದೆ, ಅಂದರೆ ಹಾಡನ್ನು ಕುಗ್ಗಿಸಿ ಕಳಿಸುವ ಕ್ರಮ. ಎಸ್‌ಬಿಸಿ ಎಲ್ಲದರಲ್ಲೂ ಇರುತ್ತದೆ, ಸೆಕೆಂಡಿಗೆ ಸುಮಾರು 328 ಕಿಲೋಬಿಟ್‌ವರೆಗೆ ಕಳಿಸುತ್ತದೆ. ಎಎಸಿ ಐಫೋನಿನಲ್ಲಿ ಚೆನ್ನಾಗಿ ನಡೆಯುತ್ತದೆ. ಸೋನಿಯ ಎಲ್‌ಡ್ಯಾಕ್ 990ರವರೆಗೆ ಹೋಗುತ್ತದೆ. ಅದು ಆಂಡ್ರಾಯ್ಡ್‌ನಲ್ಲಿದೆ, ಐಫೋನಿನಲ್ಲಿ ಇಲ್ಲ. ಕೇಳಲು ಚೆಂದದ ಅಂಕಿ. ಆದರೆ ಓಡುವ ಬಸ್ಸಿನಲ್ಲಿ, ಯೂಟ್ಯೂಬ್ ಹಾಡಿಗೆ, ಎರಡು ಸಾವಿರದ ಬಡ್ಸ್‌ನಲ್ಲಿ ಎಲ್‌ಡ್ಯಾಕ್ ಮತ್ತು ಎಎಸಿಯ ವ್ಯತ್ಯಾಸ ಕಂಡುಹಿಡಿಯುವುದು ಕಷ್ಟ. ಬ್ಯಾಟರಿ ಮಾತ್ರ ಬೇಗ ಇಳಿಯುತ್ತದೆ. ಅದಕ್ಕಾಗಿ ಹೆಚ್ಚು ದುಡ್ಡು ಕೊಡಬೇಡಿ.

ಹಾಡು ಚೆಂದ ಕೇಳ್ತದ, ಕಾಲ್ ಬಂದ್ರ ಸೌಂಡ್ ಹಳೇ ರೇಡಿಯೋ ಆಗ್ತದ. ಯಾಕ?

ಹಾಡು ಕೇಳುವಾಗ ಸದ್ದು ಒಂದೇ ದಿಕ್ಕಿನಲ್ಲಿ ಬರುತ್ತದೆ. ಕಾಲ್‌ನಲ್ಲಿ ನಿಮ್ಮ ಮೈಕ್‌ನ ಮಾತೂ ವಾಪಸ್ ಹೋಗಬೇಕು. ಆಗ ಬ್ಲೂಟೂತ್ ಬೇರೆ ಕ್ರಮಕ್ಕೆ ಬದಲಾಗಿ ಗುಣಮಟ್ಟ ಇಳಿಸುತ್ತದೆ. ಇದು ಬ್ಲೂಟೂತ್‌ನ ಸ್ವಭಾವ, ನಿಮ್ಮ ಪೀಸಿನ ದೋಷ ಅಲ್ಲ. ಆನ್‌ಲೈನ್ ಕ್ಲಾಸಿನಲ್ಲಿ ಹೀಗಾದರೆ ಬಡ್ಸ್‌ನ ಮೈಕ್ ಬಿಟ್ಟು ಫೋನಿನ ಅಥವಾ ಲ್ಯಾಪ್‌ಟಾಪಿನ ಮೈಕ್ ಆರಿಸಿ, ಬಹಳ ಸಲ ಸರಿಹೋಗುತ್ತದೆ. ವೈರಿನದರಲ್ಲಿ ಈ ಸಮಸ್ಯೆಯೇ ಇಲ್ಲ.

ಓಮ್ ಮತ್ತು ಡಿಬಿ ನೋಡಿ ಕೊಳ್ಳಬೇಕೇ? ಕೆಲವು ವೈರ್ ಇಯರ್‌ಫೋನ್ ನನ್ನ ಫೋನಿನಲ್ಲಿ ಮೆಲ್ಲಗೆ ಕೇಳುತ್ತವೆ.

ಓಮ್ ಅಂದರೆ ಇಯರ್‌ಫೋನ್ ಕರೆಂಟಿಗೆ ಒಡ್ಡುವ ತಡೆ. ಇಲ್ಲಿ ಡಿಬಿ ಅಂದರೆ ಇಷ್ಟು ವಿದ್ಯುತ್ತಿಗೆ ಅದು ಎಷ್ಟು ಜೋರಾಗಿ ಕೇಳುತ್ತದೆ ಅನ್ನುವ ಲೆಕ್ಕ. 16ರಿಂದ 32 ಓಮ್, ಮಿಲಿವಾಟ್‌ಗೆ 100 ಡಿಬಿ ಅಥವಾ ಜಾಸ್ತಿ ಇದ್ದರೆ ಯಾವ ಫೋನಿಗೂ ಆಗುತ್ತದೆ. ಒಂದು ಕಡೆ ಮಾತ್ರ ಎಚ್ಚರ. ಕೆಲವು ಕಂಪನಿಗಳು ಡಿಬಿಯನ್ನು ಒಂದು ಮಿಲಿವಾಟ್‌ಗೆ ಅಳೆಯುತ್ತವೆ, ಕೆಲವು ಒಂದು ವೋಲ್ಟ್‌ಗೆ. 32 ಓಮ್ ಇಯರ್‌ಫೋನಿನಲ್ಲಿ ಇವೆರಡರ ನಡುವೆ ಸುಮಾರು 15 ಡಿಬಿ ಅಂತರ, 16 ಓಮ್‌ನಲ್ಲಿ ಸುಮಾರು 18. ಅಂದರೆ ವೋಲ್ಟ್‌ಗೆ 115 ಅಂತ ಬರೆದ 32 ಓಮ್ ಮಾದರಿ, ಮಿಲಿವಾಟ್‌ಗೆ 100 ಅಂತ ಬರೆದದ್ದಕ್ಕೆ ಸಮ. ದೊಡ್ಡ ಅಂಕಿ ನೋಡಿ ಜೋರು ಅಂದುಕೊಳ್ಳಬೇಡಿ.

ವೈರ್ ಬಿಚ್ಚಿ ಬದಲಿಸುವ ಮಾದರಿ ಲಾಭವೇ?

ಲಾಭವೇ. ವೈರ್ ಇಯರ್‌ಫೋನ್ ಕೆಡುವುದು ಹೆಚ್ಚಾಗಿ ಪಿನ್ನಿನ ಬುಡದಲ್ಲಿ, ಸ್ಪೀಕರಿನಲ್ಲಿ ಅಲ್ಲ. ಎರಡು ಪಿನ್ನಿನ 0.78 ಎಂಎಂ ಜೋಡಣೆ ಇದ್ದರೆ 200, 300 ರೂಪಾಯಿಗೆ ಹೊಸ ವೈರ್ ಹಾಕಬಹುದು. ಕೆಝಡ್‌ನ ಪಿನ್ ಸುತ್ತ ಪ್ಲಾಸ್ಟಿಕ್ ತೊಟ್ಟಿ ಇರುತ್ತದೆ, ಅದಕ್ಕೆ ಹೊಂದುವ ವೈರನ್ನೇ ಕೇಳಿ. ಸುತ್ತುವಾಗ ಫೋನಿಗೆ ಬಿಗಿಯಾಗಿ ಸುತ್ತಬೇಡಿ, ಸಡಿಲ ಸುರುಳಿ ಮಾಡಿ.

ದಿನಾ ನಾಲ್ಕು ತಾಸು ಕೇಳ್ತೀನಿ. ಕಿವಿ ಹಾಳಾಗ್ತದೇನ್ರಿ?

ಎಷ್ಟು ತಾಸು ಅನ್ನುವುದಕ್ಕಿಂತ ಎಷ್ಟು ಜೋರು ಅನ್ನುವುದು ನೋಡಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ವಾರಕ್ಕೆ 40 ತಾಸು 80 ಡಿಬಿಯಲ್ಲಿ ಕೇಳಬಹುದು. ಪ್ರತಿ 3 ಡಿಬಿ ಏರಿದರೆ ಸಮಯ ಅರ್ಧ. 90 ಡಿಬಿಗೆ ಹೋದರೆ ಇಡೀ ವಾರಕ್ಕೆ ಬರೀ 4 ತಾಸು. ದಿನಾ ಬಸ್ಸಿನಲ್ಲಿ ಓಡಾಡುವವರಿಗೆ ಅಪಾಯ ಇಲ್ಲೇ. ಬಸ್ಸಿನ ಸದ್ದು ಜೋರು, ಅದರ ಮೇಲೆ ಕೇಳಬೇಕು ಅಂತ ಹಾಡು ಇನ್ನೂ ಜೋರು. ಬಿಗಿಯಾದ ರಬ್ಬರ್, ಫೋಮ್ ಇದ್ದರೆ ಅಷ್ಟು ಏರಿಸುವ ಅಗತ್ಯವೇ ಬೀಳುವುದಿಲ್ಲ. ಫೋನಿನ ಸೆಟ್ಟಿಂಗ್‌ನಲ್ಲಿ ವಾಲ್ಯೂಮ್ ಮಿತಿ ಹಾಕುವ ಸೌಲಭ್ಯ ಇದ್ದರೆ ಹಾಕಿಡಿ, ಮಕ್ಕಳ ಫೋನಿಗಂತೂ ಖಂಡಿತ. ಕೇಳಿ ಮುಗಿಸಿದ ಮೇಲೆ ಕಿವಿಯಲ್ಲಿ ಗುಂಯ್ ಅಂತ ಉಳಿದರೆ ಜೋರಾಯಿತು ಅಂತಲೇ ಅರ್ಥ. ಅದು ಮರುದಿನವೂ ಇದ್ದರೆ ಡಾಕ್ಟರಿಗೆ ತೋರಿಸಿ.

ಹೊಸ ಇಯರ್‌ಫೋನನ್ನು ನೂರು ತಾಸು ಓಡಿಸಿದರೆ ಸದ್ದು ಪಳಗುತ್ತದಂತೆ, ನಿಜವೇ?

ಪಳಗುವುದು ನಿಮ್ಮ ಕಿವಿ. ಮೊದಲ ದಿನವೇ ಇಷ್ಟವಾಗದಿದ್ದರೆ, ವಾಪಸ್ ಕೊಡುವ ಅವಧಿ ಮುಗಿಯುವ ತನಕ ಕಾಯಬೇಡಿ.

ಈಕ್ವಲೈಜರ್‌ನಿಂದ ಅಗ್ಗದ್ದನ್ನ ಚಲೋ ಮಾಡಬಹುದಾ?

ಸಾಕಷ್ಟು ಮಾಡಬಹುದು. ಸದ್ದಿನ ಒಂದೊಂದು ಭಾಗವನ್ನು ಬೇರೆ ಬೇರೆಯಾಗಿ ಏರಿಸಿ ಇಳಿಸುವ ಸೆಟ್ಟಿಂಗ್ ಅದು. ಬೇಕಾದದ್ದನ್ನು ಏರಿಸುವ ಬದಲು ಬೇಡವಾದದ್ದನ್ನು ಇಳಿಸಿ. ಬಾಸ್ ಗುಂಯ್ ಅನ್ನುತ್ತಿದ್ದರೆ 100ರಿಂದ 250 ಹರ್ಟ್ಝ್ ಹತ್ತಿರ 3 ಡಿಬಿ ಇಳಿಸಿ ನೋಡಿ, ದನಿ ಮುಂದೆ ಬರುತ್ತದೆ. ಸ, ಶ ಅಕ್ಷರಗಳು ಕಿವಿಗೆ ಚುಚ್ಚುತ್ತಿದ್ದರೆ 6,000ರಿಂದ 8,000ದ ನಡುವೆ ಸ್ವಲ್ಪ ಇಳಿಸಿ. ಎಲ್ಲ ಪಟ್ಟಿಗಳನ್ನೂ ಮೇಲಕ್ಕೆ ತಳ್ಳಿದರೆ ಸದ್ದು ಒಡೆಯುತ್ತದೆ.

ಒಂದ ಕಡಿ ಸೌಂಡ್ ಕಡಿಮಿ ಆಗ್ಯದ. ಬಿಸಾಕಿ ಹೊಸಾದು ತರ್ಲಾ?

ತಡೆಯಿರಿ. ಹತ್ತರಲ್ಲಿ ಎಂಟು ಸಲ ಇದು ಕಿವಿಯ ಗುಗ್ಗೆ ಅನ್ನುವುದು ನನ್ನ ಅಂದಾಜು. ರಬ್ಬರ್ ತೆಗೆದು ತುದಿಯ ಜಾಲರಿಯನ್ನು ಬೆಳಕಿಗೆ ಹಿಡಿದು ನೋಡಿ. ಮುಚ್ಚಿದ್ದರೆ ಜಾಲರಿ ಕೆಳಮುಖ ಮಾಡಿ ಒಣಗಿದ ಮೆತ್ತನೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ, ಆಗ ಕಸ ಕೆಳಗೆ ಬೀಳುತ್ತದೆ. ಪಿನ್ನು, ಸೂಜಿ ಹಾಕಬೇಡಿ, ಜಾಲರಿ ಹರಿಯುತ್ತದೆ. ಊದಬೇಡಿ, ಉಗುಳಿನ ಹನಿ ಒಳಗೆ ಹೋಗುತ್ತದೆ. ರಬ್ಬರನ್ನು ಸೋಪಿನ ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ ಹಾಕಿ. ಇದಾದ ಮೇಲೂ ಕಡಿಮೆ ಕೇಳಿದರೆ ಫೋನಿನ ಅಕ್ಸೆಸಿಬಿಲಿಟಿ ಸೆಟ್ಟಿಂಗ್‌ನಲ್ಲಿ ಎಡ ಬಲದ ಗೆರೆ ಸರಿದಿದೆಯಾ ನೋಡಿ. ಆಮೇಲೆ ಇಯರ್‌ಫೋನನ್ನು ಎಡ ಬಲ ಅದಲು ಬದಲು ಮಾಡಿ ಹಾಕಿ. ಈಗಲೂ ಮೊದಲಿನ ಕಿವಿಗೇ ಕಡಿಮೆ ಕೇಳಿದರೆ ಇಯರ್‌ಫೋನ್ ಸರಿಯಿದೆ, ತೋರಿಸಬೇಕಾದದ್ದು ಕಿವಿಯನ್ನು.